ಗ್ರಾಹಕರ ಪಟ್ಟಿ ಲಗತ್ತಿಸಿ

ಈ ಕೆಲಸಕ್ಕೆ ನಾನು ತೆತ್ತ ಬೆಲೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತಿಯಾಗುವ ತನಕ ಸಂಜೆ ಹೊತ್ತು ನನ್ನ ಸ್ವಂತ ಮನೆಯ ಮುಂಬಾಗಿಲಿನಿಂದ ನಾನು ಒಳಗೆ ಹೋದವನಲ್ಲ. ಆಲ್ಕೊಳದ ಮನೆಯ ಹಿತ್ತಿಲಲ್ಲಿ ಒಂದು ನಲ್ಲಿ, ಒಂದು ಬಕೆಟ್ಟು, ಕಲ್ಲಿನ ಮೇಲೆ ಸೋಪಿನ ತುಂಡು, ಹಗ್ಗದ ಮೇಲೆ ಒಗೆದ ಪಂಚೆ. ಅಲ್ಲಿ ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಿದ ಮೇಲಷ್ಟೇ ಅವ್ವ ಅಡುಗೆಮನೆಯ ಚಿಲಕ ತೆಗೆಯುತ್ತಿದ್ದಳು. ಅವಳು ಹೋದ ಮೇಲೆ ನನ್ನ ಹೆಂಡತಿ ಅದೇ ಕಾನೂನನ್ನು ಒಂದಕ್ಷರ ತಿದ್ದದೆ ಮುಂದುವರಿಸಿದಳು. ಕಾರಣ ಇಷ್ಟೇ: ನಾವು ಲಿಂಗಾಯತರು, ಮನೆಯೊಳಗೆ ಮೊಟ್ಟೆಯನ್ನೂ ತಂದವರಲ್ಲ. ನಾನು ಅನ್ನ ಸಂಪಾದಿಸಿದ್ದು ಮಾತ್ರ ಮೀನಿನಿಂದ.

ಶಿವಮೊಗ್ಗದ ಒಂದು ಸಂಸ್ಥೆಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ಸಂಸ್ಥೆಯ ಹೆಸರು ಬೇಡ, ಅಲ್ಲಿದ್ದವರಿಗೆ ಗೊತ್ತಾಗುತ್ತದೆ, ಇಲ್ಲದವರಿಗೆ ಉಪಯೋಗವಿಲ್ಲ. ಅದಕ್ಕೆ ಮೊದಲು ಗಾಂಧಿ ಬಜಾರಿನ ಗೋಣಿಚೀಲದ ಅಂಗಡಿಯಲ್ಲಿ ನಿಂತು ಚೌಕಾಸಿ ಕಲಿತಿದ್ದೆ. ಸಂದರ್ಶನದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಶ್ರೀಧರಮೂರ್ತಿ ಸಾರ್ ಕೇಳಿದ್ದು ಒಂದೇ ಪ್ರಶ್ನೆ: ಮೀನು ಮಾರ್ಕೆಟ್ಟಿಗೆ ಹೋಗಿ ಜೀವಂತ ಮೀನು ತರುತ್ತೀಯಾ? ತರುತ್ತೇನೆ ಎಂದೆ. ತಿನ್ನುವವರಿಗಿಂತ ಕಡಿಮೆ ದರಕ್ಕೆ ತರುತ್ತೇನೆ ಎಂದೂ ಸೇರಿಸಿದೆ. ಕೆಲಸ ಸಿಕ್ಕಿದ್ದು ಆ ಎರಡನೆಯ ಮಾತಿಗೆ.

ನಮಗೆ ಬೇಕಾಗಿದ್ದ ಮೀನು ಮುರುಗೋಡು. ಮೀಸೆ ಇರುವ, ಕಪ್ಪಗೆ ಜಾರುವ, ನೀರಿಲ್ಲದೆಯೂ ಬಹಳ ಹೊತ್ತು ಬದುಕಿರುವ ಮೀನು. ಮಾರ್ಕೆಟ್ಟಿನಲ್ಲಿ ಅದನ್ನು ಜೀವಂತವಾಗಿ ಡ್ರಮ್ಮಿನಲ್ಲಿಟ್ಟು ಮಾರುತ್ತಿದ್ದವಳು ಜೈತೂನಕ್ಕ. ನಾನು ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಹೋಗಿ ಅವಳ ಡ್ರಮ್ಮಿನೊಳಗೆ ಬಗ್ಗಿದ ಮೊದಲ ದಿನ ಇಡೀ ಸಾಲು ವ್ಯಾಪಾರ ನಿಲ್ಲಿಸಿ ನೋಡಿತು. ಆಮೇಲೆ ಅದು ದಿನದ ತಮಾಷೆಯಾಯಿತು. "ಬಂದ್ರು ನೋಡು ಸ್ವಾಮ್ಯೋರು. ತಿನ್ನೋದಿಲ್ಲ, ಮೂಸೋದಿಲ್ಲ, ರೇಟು ಮಾತ್ರ ಮುರೀತಾರೆ" ಎಂದು ಅವಳು ಪಕ್ಕದವರಿಗೆ ಕೇಳುವಂತೆ ಹೇಳುವಳು. ನಾನೂ ಬಿಡುತ್ತಿರಲಿಲ್ಲ. ತಿನ್ನುವವನು ನಾಲಿಗೆಗಾಗಿ ಸೋಲುತ್ತಾನೆ, ನನಗೆ ಆ ಚಪಲವಿಲ್ಲ, ಆದ್ದರಿಂದ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ ಎಂದು ಅವಳಿಗೆ ಹೇಳುತ್ತಿದ್ದೆ. ಇಡೀ ಬುಟ್ಟಿ ಕೊಂಡರೆ ದರ ಇಳಿಯುತ್ತದೆ. ಹಾಗಾಗಿ ನಾನು ಯಾವಾಗಲೂ ಬುಟ್ಟಿಯನ್ನೇ ಕೊಳ್ಳುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಕೆಲಸವೆಂದರೆ ಮೀನಿನ ಹೊಟ್ಟೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯುವುದು. ಹಾರ್ಮೋನು ಚುಚ್ಚಿದ ಮೀನಿನಲ್ಲಿ ಮೊಟ್ಟೆ ಎಷ್ಟು ದಪ್ಪವಾಯಿತು, ಚುಚ್ಚದ್ದರಲ್ಲಿ ಎಷ್ಟು. ಗಂಡು ಮೀನಿಗೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಕೊಟ್ಟರೆ ಅದರ ಲಿವರ್ ಕೂಡ ಮೊಟ್ಟೆಯ ಹಳದಿ ತಯಾರಿಸಲು ತೊಡಗುತ್ತದೆ ಎಂಬುದನ್ನು ಸಾರ್ ನನಗೆ ತೋರಿಸಿದ ದಿನ ನಾನು ಕೇಳಿಯೇಬಿಟ್ಟೆ: ಇಡುವ ಮೊಟ್ಟೆಯೇ ಇಲ್ಲದ ಗಂಡು, ಹಳದಿಯನ್ನು ಯಾರಿಗೆಂದು ಮಾಡುತ್ತದೆ? ಸಾರ್ ನಕ್ಕು, ಲಿವರಿಗೆ ತಾನು ಗಂಡಿನದೋ ಹೆಣ್ಣಿನದೋ ಗೊತ್ತಿಲ್ಲ, ಅದರೊಳಗೆ ಕೂತ ರಿಸೆಪ್ಟರ್ ಹಾರ್ಮೋನನ್ನು ಹಿಡಿದುಕೊಂಡು ಹೇಳಿದ ಕೆಲಸ ಮಾಡಿಸುತ್ತದೆ ಎಂದರು. ರಿಸೆಪ್ಟರ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಂದೇ.

ದಶಕ ಮುಗಿಯುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಯಿತು. ಮೊಟ್ಟೆ ಅಳೆಯುವುದು ಹಿಂದಕ್ಕೆ ಸರಿದು ಜೀನ್ ಹುಡುಕುವ ಪಿ.ಸಿ.ಆರ್. ಯಂತ್ರ ಬಂತು. ಮೀನಿನ ಲಿವರನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಅದನ್ನು ಎಲ್ಲಿ ತರುವುದೆಂದು ಸಾರ್ ತಲೆ ಕೆಡಿಸಿಕೊಂಡಿದ್ದರು. ಎಮ್ಮೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ಪಶು ಆಸ್ಪತ್ರೆಯಲ್ಲಿ ಅದು ಕ್ಯಾನುಗಟ್ಟಲೆ ಇರುತ್ತದೆ ಎಂದು ತಿಳಿದು, ಅಲ್ಲಿನ ಕಾಂಪೌಂಡರ್ ಜೊತೆ ಕಾಫಿ ಕುಡಿದು, ತರಲು ಏರ್ಪಾಡು ಮಾಡಿದೆ. ಯಂತ್ರ ಅರ್ಧ ಓಡಿದಾಗ ಕರೆಂಟು ಹೋಗುವುದು, ಇಡೀ ದಿನದ ಕೆಲಸ ಚರಂಡಿಗೆ ಸುರಿಯುವುದು, ಇವೆಲ್ಲ ಆಗ ಮಾಮೂಲು. ಈಗಿನ ಹುಡುಗರು ಯು.ಪಿ.ಎಸ್. ಇಲ್ಲದ ಪ್ರಯೋಗಾಲಯವನ್ನು ನೋಡಿಯೇ ಇಲ್ಲ.

ಆ ಕಾಲಕ್ಕೆ ಬಂದವಳು ಸುಮಂಗಲಾ. ಸಾರ್ ಬಳಿ ಪಿಎಚ್.ಡಿ.ಗೆ ಸೇರಿದ ಹುಡುಗಿ. ಅವಳ ತಂದೆ ಊರಿನ ಶಾಲೆಯೊಂದರಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಅವಳ ವಿಷಯ: ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಹೇಗೆ ವಿಕಾಸವಾಯಿತು, ನಮ್ಮ ಮುರುಗೋಡಿನಲ್ಲಿ ಅದು ಎಷ್ಟು ಬಗೆ ಇದೆ. ಮನುಷ್ಯರಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಎಂಬುದು ಆಗ ಹೊಸ ಸುದ್ದಿ. ಮೀನಿನಲ್ಲಿ ನೋಡಬೇಕಾದರೆ ಲಿವರಿನಿಂದ ತೆಗೆದ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ನಕಲು ಮಾಡುವ ಒಂದು ಕಿಣ್ವ ಬೇಕು. ಬೆಂಗಳೂರಿನಿಂದ ಐಸಿನಲ್ಲಿ ಬರಬೇಕು. ಅದು ಮುರುಗೋಡಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುವಾಗ, ಅಂದರೆ ಮಳೆ ಹಿಡಿದು ಮೀನು ಮೊಟ್ಟೆ ಇಡುವ ಮೊದಲು ಕೈಗೆ ಸಿಗಬೇಕು. ಆ ಕಾಲ ತಪ್ಪಿದರೆ ಮುಂದಿನ ವರ್ಷದ ತನಕ ಕಾಯಬೇಕು. ಸುಮಂಗಲಾಳ ಫೆಲೋಶಿಪ್ ಅಷ್ಟರೊಳಗೆ ಮುಗಿಯುತ್ತಿತ್ತು. ಮುಗಿದರೆ ಮನೆಯವರು ನೋಡಿಟ್ಟ ಗಂಡಿಗೆ ಒಪ್ಪಿಕೊಂಡು ಊರು ಬಿಡುವುದೇ ದಾರಿ ಎಂದು ಅವಳೇ ಹೇಳಿದ್ದಳು. ಅವಳಿಗೆ ಇದ್ದದ್ದು ಒಂದೇ ಮಳೆಗಾಲ.

ಪ್ರಯೋಗಾಲಯ ಶಿವಮೊಗ್ಗದಲ್ಲಿ, ಲೆಕ್ಕಪತ್ರ ವಿಭಾಗ ಭದ್ರಾವತಿಯಲ್ಲಿ. ಖರೀದಿಯ ಕಡತ ಅಲ್ಲಿಗೆ ಹೋಗಿ ಸಹಿಯಾಗಿ ಬರಬೇಕು. ಆ ವರ್ಷ ಕಡತವೆಲ್ಲ ಕನ್ನಡದಲ್ಲೇ ಇರಬೇಕೆಂಬ ಆದೇಶ ಬಿಗಿಯಾಗಿತ್ತು. ಸುಮಂಗಲಾ ತಂದೆಯ ಬಳಿ ಕೂತು ರಿಸೆಪ್ಟರಿಗೆ ಕನ್ನಡ ಏನು ಎಂದು ಕೇಳಿದಳು. ಮೇಷ್ಟ್ರು ಯೋಚಿಸಿ, ಗ್ರಹಿಸುವುದು ಗ್ರಾಹಕ ಎಂದರು. ಶುದ್ಧವಾದ ಪದ. ಹಾಗೇ ಬರೆದಳು: 'ಮೀನಿನ ಹಾರ್ಮೋನು ಗ್ರಾಹಕಗಳ ವಿಕಾಸದ ಅಧ್ಯಯನಕ್ಕೆ ಬೇಕಾದ ಕಿಣ್ವದ ಖರೀದಿ.' ಸಾರ್ ಕಣ್ಣು ಹಾಯಿಸಿ ಸಹಿ ಮಾಡಿದರು. ನಾನೂ ಓದಿದೆ. ಬಜಾರಿನಲ್ಲಿ ಬೆಳೆದವನಾದರೂ ನನಗೂ ಏನೂ ಅನ್ನಿಸಲಿಲ್ಲ.

ಕಡತ ಭದ್ರಾವತಿಯಿಂದ ಹಿಂದಿರುಗಿತು. ಅಂಚಿನಲ್ಲಿ ಹಸಿರು ಶಾಯಿ: 'ಸಂಸ್ಥೆಯು ವ್ಯಾಪಾರ ನಡೆಸುವುದಿಲ್ಲ. ಗ್ರಾಹಕರ ವಿಕಾಸ ನಮ್ಮ ಉದ್ದೇಶಗಳಲ್ಲಿಲ್ಲ. ಸದರಿ ಗ್ರಾಹಕರು ಯಾರು? ಗ್ರಾಹಕರ ಪಟ್ಟಿ ಲಗತ್ತಿಸಿ.'

ಸಾರ್ ಕುರ್ಚಿಯಿಂದ ಎದ್ದುಬಿಟ್ಟರು. ಇಂಥವರ ಕೈಗೆ ವಿಜ್ಞಾನ ಕೊಟ್ಟಿದ್ದಾರೆ ಎಂದು ಗುಡುಗಿ, ಮೇಲಿನವರಿಗೆ ದೂರು ಬರೆಯಲು ಕಾಗದ ತೆಗೆದರು. ಸುಮಂಗಲಾ ನಗುವುದೋ ಅಳುವುದೋ ತಿಳಿಯದೆ ಕಿಟಕಿಯ ಕಡೆ ನಿಂತಳು. ಆಕಾಶದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಪದ ಬದಲಿಸಿ ಹೊಸ ಕಡತ ಮಾಡಿದರೆ ಮತ್ತೆ ಮೊದಲಿನಿಂದ ಎಲ್ಲ ಮೇಜುಗಳನ್ನೂ ಸುತ್ತಬೇಕು. ದೂರು ಕೊಟ್ಟರೆ ಸುತ್ತುವುದೂ ಇಲ್ಲ. ನಾನು ಸಾರ್ ಕೈಯಿಂದ ಕಾಗದ ತೆಗೆದಿಟ್ಟು, ಕಡತ ಕಂಕುಳಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಲೆಕ್ಕಪತ್ರದ ಅಧಿಕಾರಿ ಮುನಿಸ್ವಾಮಿಯವರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ಕನ್ನಡವನ್ನು ಶಾಲೆಯಲ್ಲಿ ಕಲಿತಿದ್ದರಿಂದ ಪದಕ್ಕೆ ಪದ ಹಿಡಿದು ನೋಡುತ್ತಿದ್ದರು. ಅವರ ಬಗ್ಗೆ ಎಲ್ಲರೂ ಹೇಳುತ್ತಿದ್ದದ್ದು ಕಟ್ಟುನಿಟ್ಟು ಎಂದು. ಬಜಾರಿನ ಅನುಭವದಲ್ಲಿ ಹೇಳುತ್ತೇನೆ, ಕಟ್ಟುನಿಟ್ಟಿನವರ ಜೊತೆ ವ್ಯವಹಾರ ಸುಲಭ. ಅವರಿಗೆ ಏನು ಬೇಕೆಂದು ಅವರೇ ಹೇಳಿಬಿಟ್ಟಿರುತ್ತಾರೆ.

"ಏನ್ರೀ ಮಲ್ಲೇಶಪ್ಪ," ಎಂದರು ತಲೆ ಎತ್ತದೆ, "ಗ್ರಾಹಕರನ್ನ ಬೆಳೆಸೋಕೆ ನಾವೇನು ಸೊಸೈಟಿ ಅಂಗಡಿ ಇಟ್ಕೊಂಡಿದೀವಾ?"

ಅವರ ಮೇಜಿನ ಗಾಜಿನ ಕೆಳಗೆ ಗ್ಯಾಸ್ ಏಜೆನ್ಸಿಯ ಕಾರ್ಡು ಇತ್ತು, ಮೇಲೆ ದಪ್ಪ ಅಕ್ಷರದಲ್ಲಿ 'ಗ್ರಾಹಕರ ಗಮನಕ್ಕೆ' ಎಂದು. ಅದನ್ನು ನೋಡಿದ ಮೇಲೆ ತಪ್ಪು ಅವರದೆಂದು ವಾದಿಸುವ ಆಸೆ ನನಗೆ ಉಳಿಯಲಿಲ್ಲ. ಕೇಳದೆಯೇ ಎದುರಿನ ಸ್ಟೂಲ್ ಎಳೆದು ಕೂತೆ.

"ಸಾರ್, ಗ್ರಾಹಕ ಅಂದ್ರೆ ನೀವು ತಿಳ್ಕೊಂಡಿರೋ ಗ್ರಾಹಕನೇ. ಹಾರ್ಮೋನು ಅನ್ನೋದು ರಕ್ತದಲ್ಲಿ ಊರೆಲ್ಲ ತಿರುಗೋ ಮಾಲು. ಎಲ್ಲರ ಮನೆ ಮುಂದೂ ಹೋಗುತ್ತೆ. ಯಾವ ಮನೆ ಒಳಕೋಣೇಲಿ ಗ್ರಾಹಕ ಕೂತಿರ್ತಾನೋ ಅಲ್ಲಿ ಮಾತ್ರ ವ್ಯಾಪಾರ. ಅವನು ಮಾಲು ಹಿಡ್ಕೊಂಡ ಅಂದ್ರೆ ಮನೇಲಿ ಕೆಲಸ ಶುರು. ಮೀನಿನ ಲಿವರಲ್ಲಿ ಅಂಥ ಗ್ರಾಹಕರು ಎಷ್ಟು ಜನ ಇದಾರೆ ಅಂತ ಹುಡುಕೋದೇ ಈ ಹುಡುಗಿ ಕೆಲಸ. ನೀವು ಕೇಳಿದ ಪಟ್ಟಿನೇ ಸಾರ್ ಅವಳು ಮಾಡ್ತಿರೋದು."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ: "ಹಾಗಾದ್ರೆ ಮಾಲು ಮೊದಲು ಬಂತೋ, ಗ್ರಾಹಕ ಮೊದಲು ಬಂದನೋ? ಕೊಳ್ಳೋರಿಲ್ದೆ ಮಾಲು ಯಾಕೆ ಮಾಡ್ತಾರೆ? ಮಾಲೇ ಇಲ್ದೆ ಗ್ರಾಹಕ ಯಾಕೆ ಕಾಯ್ತಾನೆ?"

ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಅಂಗಡಿಯಲ್ಲಿ ನಡೆಯಬಹುದು, ಇಂಥವರ ಮುಂದೆ ನಡೆಯುವುದಿಲ್ಲ. "ಅದಕ್ಕೇ ಸಾರ್ ಕಿಣ್ವ ಬೇಕಾಗಿರೋದು" ಎಂದೆ.

ಮುನಿಸ್ವಾಮಿಯವರು ಮೊದಲ ಬಾರಿಗೆ ನಕ್ಕರು. ಅಂಚಿನಲ್ಲಿ 'ಚರ್ಚಿಸಲಾಗಿದೆ, ಪಟ್ಟಿಯನ್ನು ಅಧ್ಯಯನ ಮುಗಿದ ನಂತರ ಸಲ್ಲಿಸತಕ್ಕದ್ದು' ಎಂದು ಬರೆದು ಸಹಿ ಹಾಕಿ, ಕಡತ ಕೈಗೆ ಕೊಡುತ್ತ, "ಉತ್ತರ ನನಗೆ ಬರಬೇಕು ಮಾರಾಯ. ಬರ್ದೇ ಇದ್ರೆ ಮುಂದಿನ ಸಲ ಒಂದು ಗಾಜಿನ ಲೋಟಕ್ಕೂ ಸಹಿ ಇಲ್ಲ" ಎಂದರು. ನನ್ನ ಜೀವಮಾನದ ಚೌಕಾಸಿಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎರಡೂ ಕಡೆಯವರು ಗೆದ್ದು ಎದ್ದ ವ್ಯವಹಾರ ಅದು.

ಕಿಣ್ವ ಬಂತು. ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ಇಳಿಸಿಕೊಂಡಾಗ ಥರ್ಮೋಕೋಲ್ ಡಬ್ಬಿಯ ಐಸು ಮುಕ್ಕಾಲು ಕರಗಿತ್ತು. ಜೈತೂನಕ್ಕನ ಮೀನಿನ ಐಸನ್ನೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಸುತ್ತಲೂ ತುಂಬಿ ಪ್ರಯೋಗಾಲಯಕ್ಕೆ ಓಡಿದೆ. ಸಾರ್ ಮತ್ತು ಸುಮಂಗಲಾ ನಾನು ತಂದ ಬುಟ್ಟಿಯ ಐದಾರು ಮೀನುಗಳ ಲಿವರನ್ನು ಒಟ್ಟಿಗೆ ಅರೆದರು. ಒಂದೊಂದು ಮೀನು ಒಂದೊಂದು ರೀತಿ ಇರುತ್ತದೆ, ಸೇರಿಸಿ ಅರೆದರೆ ಸರಾಸರಿ ಸಿಗುತ್ತದೆ ಎಂಬುದು ಆಗಿನ ಪದ್ಧತಿ, ಮೊಟ್ಟೆ ಅಳೆಯುವ ಕಾಲದಿಂದ ಬಂದದ್ದು.

ಫಲಿತಾಂಶ ಜೆಲ್ಲಿನ ಮೇಲೆ ಹೊಳೆಯುವ ಗೆರೆಗಳಾಗಿ ಬರುತ್ತದೆ. ಬೀಟಾ ಗ್ರಾಹಕಕ್ಕೆ ಒಂದು ಗೆರೆ ಬರಬೇಕಿತ್ತು. ಎರಡು ಬಂದವು.

ಸುಮಂಗಲಾ ಮತ್ತೆ ಮಾಡಿದಳು, ಮತ್ತೆ ಎರಡು. ಅವಳ ಮುಖ ಅರಳಿತ್ತು, ಸಾರ್ ಮುಖ ಗಂಟಾಗಿತ್ತು. ಅವರ ಅನುಮಾನದಲ್ಲಿ ನ್ಯಾಯವಿತ್ತು. ಆ ದಿನಗಳಲ್ಲಿ ಆಫ್ರಿಕಾದ ಮುರುಗೋಡನ್ನು ಹೊಂಡಗಳಲ್ಲಿ ಸಾಕಿ ಕದ್ದುಮುಚ್ಚಿ ಮಾರುತ್ತಿದ್ದರು. ನೋಡಲು ನಮ್ಮದರಂತೆಯೇ ಇರುತ್ತದೆ. ಬುಟ್ಟಿಯಲ್ಲಿ ಎರಡೂ ಜಾತಿ ಬೆರೆತಿದ್ದರೆ ಎರಡು ಗೆರೆಗೆ ಅದೇ ಕಾರಣ. ಎರಡರ ಬೆರಕೆ ತಳಿಯೂ ಇರಬಹುದು. "ಇದನ್ನ ಬರೆದ್ರೆ ಪರೀಕ್ಷಕರು ಮೊದಲು ಕೇಳೋದೇ ಮೀನು ಎಲ್ಲಿದು ಅಂತ. ಏನು ಹೇಳ್ತೀಯಮ್ಮ? ಮಾರ್ಕೆಟ್ ಬುಟ್ಟೀದು ಅಂತೀಯಾ?" ಎಂದರು. ಹೊರಗೆ ಮಳೆ ಶುರುವಾಗಿ ವಾರವಾಗಿತ್ತು.

ಜೈತೂನಕ್ಕನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಮಳೆಗೆ ಮುಂಚೆ ಹೊಳೆಯಲ್ಲಿ ಮೀನು ಕಡಿಮೆ, ಹೊಂಡದ್ದು ಸ್ವಲ್ಪ, ಹೊಳೆಯದ್ದು ಸ್ವಲ್ಪ ಎಂದಳು. "ಬುಟ್ಟಿ ರೇಟಿಗೆ ಬುಟ್ಟಿ ಮಾಲು ಸ್ವಾಮ್ಯೋರೆ. ಮೊದಲೇ ಹೇಳಿದ್ರೆ ಬೇರೆ ಮಾಡಿ ಕೊಡ್ತಿದ್ದೆ" ಎಂದು ಸೇರಿಸಿದಳು. ಹೊಂಡದ ಮೀನು ತಲುಪದ ಜಾಗ ಯಾವುದು ಎಂದೆ. ಹೊಳಲೂರು ಕಡೆ ಹೋಗಿ, ಹೊಸ ನೀರಿಗೆ ಮುರುಗೋಡು ಗದ್ದೆಯ ಕಾಲುವೆಗೆ ಏರಿ ಬರುತ್ತದೆ, ನನ್ನ ಮೈದ ಅಲ್ಲಿ ಕೂಳಿ ಹಾಕುತ್ತಾನೆ ಎಂದಳು. ಕೂಳಿ ಎಂದರೆ ಬಿದಿರಿನಲ್ಲಿ ಹೆಣೆದ, ಮೀನು ಹೊಕ್ಕರೆ ಹೊರಬರಲಾಗದ ಬುಟ್ಟಿ.

ಮರುದಿನ ಬೆಳಿಗ್ಗೆ ಸಾರ್, ಸುಮಂಗಲಾ, ನಾನು ಮೂವರೂ ಹೋದೆವು. ಸಾರ್ ಪ್ಯಾಂಟು ಮಡಿಸಿ ಗದ್ದೆಯ ಬದುವಿನ ಮೇಲೆ ಕೂತು, ಒಂದೊಂದೇ ಮೀನಿನ ತಲೆಯ ಹಿಂಬದಿಯ ಮೂಳೆಯನ್ನು ಬೆರಳಿನಿಂದ ತಡವಿ ನೋಡಿದರು. ಎರಡು ಜಾತಿಗೂ ಅಲ್ಲಿ ವ್ಯತ್ಯಾಸವಿದೆ. ಹೆಚ್ಚಿನವು ಆಗಲೇ ಮೊಟ್ಟೆ ಇಟ್ಟು ಹೊಟ್ಟೆ ಬತ್ತಿಸಿಕೊಂಡಿದ್ದವು. ಕೊನೆಯ ಕೂಳಿಯಲ್ಲಿ ಒಂದು ಹೆಣ್ಣು ಸಿಕ್ಕಿತು, ಹೊಟ್ಟೆ ತುಂಬಿದ್ದು. ಸಾರ್ ತಡವಿ, ಮತ್ತೆ ತಡವಿ, ಅಪ್ಪಟ ನಮ್ಮದು ಎಂದರು. ಸುಮಂಗಲಾ ಅದನ್ನು ಕೈಯಲ್ಲಿ ಹಿಡಿದುಕೊಂಡ ರೀತಿ ನೋಡಿದರೆ ಮೀನನ್ನು ಕೊಯ್ಯಲು ಹೊರಟವಳು ಎಂದು ಯಾರೂ ಹೇಳುತ್ತಿರಲಿಲ್ಲ.

ಜೈತೂನಕ್ಕನ ಮೈದ ಬೆಲೆ ಹೇಳಿದ. ಒಂದು ಮೀನಿಗೆ ಅರ್ಧ ಬುಟ್ಟಿಯ ಬೆಲೆ. ಗಿರಾಕಿಯ ಮುಖ ನೋಡಿ ಹೇಳಿದ್ದ, ಅದು ಅವನ ಕಸುಬು. ನಾನು ಚೌಕಾಸಿ ಮಾಡದೆ ಎಣಿಸಿ ಕೊಟ್ಟೆ. ಅವನು ನೋಟುಗಳನ್ನು ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅತ್ತಿಗೆ ಹೇಳಿದ್ರು ನೀವು ಬಲು ಗಟ್ಟಿ ಅಂತ. ಮೈ ಹುಷಾರಿಲ್ವಾ ಸ್ವಾಮಿ?"

"ಹುಷಾರಾಗಿದೀನಪ್ಪ. ಇವತ್ತು ಮಾಲು ಒಂದೇ ಇದೆ" ಎಂದೆ.

ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದೆವು. ಒಂದೇ ಮೀನು, ಒಂದೇ ಲಿವರು, ಬೇರೆ ಕೊಳವೆ. ಯಂತ್ರ ಓಡುವಾಗ ಕರೆಂಟು ಹೋಗಬಾರದೆಂದು ನಾನು ಇಷ್ಟಲಿಂಗಕ್ಕೆ ಬೇಡಿಕೊಂಡೆ, ಮೀನು ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟದೆ, ಮನಸ್ಸಿನಲ್ಲೇ. ಹೋಗಲಿಲ್ಲ. ಜೆಲ್ಲಿನ ಮೇಲೆ ಎರಡು ಗೆರೆ ಬಂದವು. ಸಾರ್ ತುಂಬ ಹೊತ್ತು ನೋಡಿ, ಕನ್ನಡಕ ಒರೆಸಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೊರಗಿನ ಪ್ರಯೋಗಾಲಯದಲ್ಲಿ ಆ ಗೆರೆಗಳ ಡಿ.ಎನ್.ಎ.ಯನ್ನು ಅಕ್ಷರ ಅಕ್ಷರವಾಗಿ ಓದಿಸಿದಾಗಲೂ ಅವು ಎರಡು ಬೇರೆ ಜೀನುಗಳೇ ಎಂದು ತಿಳಿಯಿತು. ಬೇರೆ ದೇಶಗಳಲ್ಲಿ ಬೇರೆ ಮೀನುಗಳಲ್ಲಿ ಇಂಥದ್ದೇ ಕಾಣುತ್ತಿದೆ ಎಂಬ ಸುದ್ದಿಯೂ ಬಂತು. ನಾವು ಲೋಕಕ್ಕೇ ಮೊದಲಿಗರಲ್ಲ. ಆದರೆ ನಮ್ಮ ಕಾಲುವೆಯ ಮೀನಿಗೆ ನಾವೇ ಮೊದಲಿಗರು.

ಅವಳ ಮೌಖಿಕ ಪರೀಕ್ಷೆ ಬಹಿರಂಗ, ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು. ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಅಂದು ಕೊನೆಯ ಸಾಲಿನಲ್ಲಿ ಕೊಡೆ ಮಡಿಸಿಕೊಂಡು ಮುನಿಸ್ವಾಮಿಯವರು ಕೂತಿದ್ದರು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದರು. ಪರೀಕ್ಷಕರದ್ದು ಮುಗಿದ ಮೇಲೆ ಎದ್ದು ನಿಂತು ಕೇಳಿದರು, ಮಾಲು ಮೊದಲೋ ಗ್ರಾಹಕ ಮೊದಲೋ. ಸಭೆಯಲ್ಲಿ ನಗು ಎದ್ದಿತು. ಸುಮಂಗಲಾ ನಗಲಿಲ್ಲ.

"ಸಾರ್, ಒಣಗಿದ ಕೆಂಪಡಿಕೆ ಕೊಳ್ಳೋ ಒಬ್ಬ ಗ್ರಾಹಕ ಇದ್ದ ಅಂದ್ಕೊಳ್ಳಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಅವನ ಹತ್ರ ಬರ್ತಿತ್ತು. ಆ ಕೆಂಪಡಿಕೆ ಈಸ್ಟ್ರೋಜನ್. ಅವನು ಎಲ್ಲರಿಗಿಂತ ಹಳೇ ಗ್ರಾಹಕ. ಸುಲಿದದ್ದು, ಬೇಯಿಸಿದ್ದು ದಾರೀಲಿ ಇದ್ದೇ ಇದ್ವು, ಪ್ರೊಜೆಸ್ಟರಾನ್, ಟೆಸ್ಟೊಸ್ಟೆರಾನ್ ಅಂತ. ಅವನ್ನ ಕೊಳ್ಳೋರು ಇರಲಿಲ್ಲ. ಒಂದು ಕಾಲದಲ್ಲಿ ಆ ಗ್ರಾಹಕನ ಮನೆ ಪಾಲಾಯ್ತು. ಅಂದ್ರೆ ಜೀನು ಎರಡಾಯ್ತು. ಪಾಲು ತಗೊಂಡ ತಮ್ಮ ದಾರಿ ಮಧ್ಯ ಹೋಗಿ ಕೂತು, ಅರ್ಧ ತಯಾರಾದ ಮಾಲನ್ನೇ ಕೊಳ್ಳೋಕೆ ಶುರು ಮಾಡಿದ. ಹಾಗಾಗಿ ಅಣ್ಣ ಬಹಳ ಹಳಬ. ತಮ್ಮಂದಿರ ವಿಷಯದಲ್ಲಿ ಮಾಲು ಮೊದಲು, ಗ್ರಾಹಕ ಆಮೇಲೆ. ಇದು ಈಗಿನವರ ಊಹೆ ಸಾರ್, ನಾಳೆ ಬದಲಾಗಬಹುದು. ಆಮೇಲೆ ಅಣ್ಣನ ಮನೆಯೂ ಆಲ್ಫಾ, ಬೀಟಾ ಅಂತ ಪಾಲಾಯ್ತು, ಮೀನಿನ ವಂಶದಲ್ಲಿ ಮಾತ್ರ ಬೀಟಾ ಇನ್ನೊಂದು ಸಲ ಪಾಲಾಯ್ತು. ಅದಕ್ಕೇ ನಮ್ಮ ಮುರುಗೋಡಿನಲ್ಲಿ ಒಬ್ಬ ಆಲ್ಫಾ, ಇಬ್ಬರು ಬೀಟಾ."

ಮುನಿಸ್ವಾಮಿಯವರು ಬೆರಳು ಮಡಿಸಿ ಮೂರು ಎಣಿಸಿಕೊಂಡರು. "ಪಟ್ಟಿ ಬಂತು. ಆಕ್ಷೇಪಣೆ ಇಲ್ಲ" ಎಂದು ಹೇಳಿ ಕೂತರು. ಈ ಸಲ ನಕ್ಕವರೆಲ್ಲ ಚಪ್ಪಾಳೆಯನ್ನೂ ತಟ್ಟಿದರು.

ಅವರಿಬ್ಬರ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಪ್ರಯೋಗಾಲಯದಲ್ಲಿ ಈಗ ಮೀನಿನ ಡ್ರಮ್ಮುಗಳಿಲ್ಲ, ಎಲ್ಲ ಕಂಪ್ಯೂಟರು. ನಾನೀಗ ಸಂಜೆ ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ. ಆದರೂ ಮಳೆಗಾಲದ ಮೊದಲ ವಾರ ಕಾಲು ತಾನಾಗಿ ಹಿತ್ತಿಲ ನಲ್ಲಿಯ ಕಡೆ ತಿರುಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರೇ, ಕಡತಕ್ಕೆ ಪದ ಬರೆಯುವ ಮೊದಲು ಅದನ್ನು ಅಂಗಡಿಯವನಿಗೊಮ್ಮೆ, ಗುಮಾಸ್ತನಿಗೊಮ್ಮೆ ಓದಿ ಹೇಳಿ. ಅವರು ಬೇರೆ ಅರ್ಥ ಮಾಡಿಕೊಂಡರೆ ಜಗಳಕ್ಕೆ ಹೋಗಬೇಡಿ, ಸ್ಟೂಲ್ ಎಳೆದು ಕೂತುಕೊಳ್ಳಿ, ಅವರ ಅರ್ಥದಿಂದಲೇ ಮಾತು ಶುರು ಮಾಡಿ. ಐಸು ಎಲ್ಲಿ ಸಿಗುತ್ತದೆ ಎಂಬುದನ್ನು ಪಾರ್ಸೆಲ್ ಬರುವ ಮೊದಲೇ ತಿಳಿದಿಟ್ಟುಕೊಳ್ಳಿ. ಗಾಜು, ಉಪ್ಪು, ಹತ್ತಿ, ಬಕೆಟ್ಟು ಎಲ್ಲಕ್ಕೂ ಚೌಕಾಸಿ ಮಾಡಿ, ನಾಚಿಕೆಪಡಬೇಡಿ, ಸಗಟಾಗಿ ಕೊಳ್ಳಿ. ಮೀನನ್ನು ಮಾತ್ರ ಒಂದೊಂದಾಗಿ ಕೊಳ್ಳಿ, ಯಾವ ನೀರಿನದು ಎಂದು ಕೇಳಿ ಕೊಳ್ಳಿ, ಹೇಳಿದ ಬೆಲೆ ಕೊಟ್ಟು ಬನ್ನಿ.